12 ಟ್ಯಾಬ್, 50 ನಿಮಿಷ: ಗ್ರಂಥಾಲಯದಲ್ಲಿ ಹುಡುಕುವುದನ್ನು ಕಲಿಸುವ ಬಗೆ

ಟ್ಯಾಬ್ ಕೈಗೆ ಕೊಟ್ಟು ನಾನು ನಡೆಸಿದ ಮೊದಲ ತರಗತಿಯಲ್ಲಿ ವಿದ್ಯಾರ್ಥಿಗಳು ಕಲಿತದ್ದು ಒಂದೇ ಒಂದು ವಿಷಯ: ಗ್ರಂಥಪಾಲಕಿ ಗಾಬರಿಯಾದಾಗ ಹೇಗಿರುತ್ತಾಳೆ ಎಂಬುದು. 36 ಜನ, 36 ಟ್ಯಾಬ್, 50 ನಿಮಿಷ. ಹಂಚುವುದಕ್ಕೆ ಆರು ನಿಮಿಷ ಹೋಯಿತು. ಅರ್ಧದಷ್ಟು ಟ್ಯಾಬ್‌ಗಳು ವೈಫೈ ಲಾಗಿನ್ ಕೇಳುತ್ತಾ ನಿಂತವು, ನಾಲ್ಕು ‘ಈಗಲೇ ಅಪ್‌ಡೇಟ್ ಮಾಡಿ’ ಎಂದು ಹಟ ಹಿಡಿದವು, ಒಂದರಲ್ಲಿ ಚಾರ್ಜ್ ಇರಲಿಲ್ಲ. ಎಲ್ಲವೂ ಒಂದು ಹದಕ್ಕೆ ಬರುವಷ್ಟರಲ್ಲಿ ಮುಂದಿನ ತರಗತಿಯವರು ಬಾಗಿಲಲ್ಲಿ ಬಂದು ನಿಂತಿದ್ದರು.

ಆ ದಿನದ ನಂತರ ಟ್ಯಾಬ್‌ಗಳ ಸಂಖ್ಯೆಯನ್ನು 12ಕ್ಕೆ ಇಳಿಸಿದೆ. ಅಲ್ಲಿಂದಲೇ ತರಗತಿ ಸರಿಯಾಗಿ ನಡೆಯತೊಡಗಿತು. ಪದವಿ ವಿದ್ಯಾರ್ಥಿಗಳಿಗೂ ಸಂಶೋಧನೆಗೆ ಹೊಸದಾಗಿ ಸೇರಿದವರಿಗೂ ಮಾಹಿತಿ ಹುಡುಕುವುದನ್ನು, ಸಿಕ್ಕಿದ್ದನ್ನು ತೂಗಿ ನೋಡುವುದನ್ನು ಕಲಿಸುವ ಗ್ರಂಥಪಾಲಕರಿಗಾಗಿ ನನ್ನ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಸ್ಪಷ್ಟವಾಗಲಿ: ನಾನು ‘ಟ್ಯಾಬ್’ ಎಂದಾಗಲೆಲ್ಲ ಅದು ಕೈಯಲ್ಲಿ ಹಿಡಿಯುವ ಯಂತ್ರ. ಬ್ರೌಸರಿನಲ್ಲಿ ತೆರೆಯುವ ಟ್ಯಾಬನ್ನು ‘ಪುಟ’ ಎನ್ನುತ್ತೇನೆ. ತರಗತಿಯಲ್ಲೂ ಹಾಗೆಯೇ ಹೇಳಿ. ‘ಇನ್ನೊಂದು ಟ್ಯಾಬ್ ತೆಗೆಯಿರಿ’ ಎಂದಾಗ ಒಬ್ಬ ಹುಡುಗ ಎದ್ದು ಟ್ರಾಲಿಯ ಕಡೆ ನಡೆದದ್ದನ್ನು ನೋಡಿದ್ದೇನೆ.

ಮೂವರಿಗೆ ಒಂದು

ಐಪ್ಯಾಡ್ ಮಾರುಕಟ್ಟೆಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ. ಆಗಿನಿಂದ ಗ್ರಂಥಾಲಯಗಳು ಟ್ಯಾಬ್ ಕೊಳ್ಳುವಾಗ ತಲೆಗೊಂದರಂತೆ ಲೆಕ್ಕ ಹಾಕುವುದು ರೂಢಿ. ತಲೆಗೊಂದು ಕೊಟ್ಟರೆ ತಲೆಗಳು ಬಾಗುತ್ತವೆ, ಮಾತು ನಿಲ್ಲುತ್ತದೆ. ಯಾರು ಎಲ್ಲಿ ಎಡವಿದರು ಎಂಬುದು ನಿಮಗೂ ಗೊತ್ತಾಗುವುದಿಲ್ಲ, ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಮೂವರ ನಡುವೆ ಒಂದನ್ನು ಮೇಜಿನ ಮೇಲೆ ಅಡ್ಡಲಾಗಿ ಇಡಿ. ಒಬ್ಬರದು ಬೆರಳು: ಪರದೆ ಮುಟ್ಟುವ ಹಕ್ಕು ಅವರಿಗೆ ಮಾತ್ರ. ಇನ್ನೊಬ್ಬರದು ಪೆನ್ನು: ಯಾವ ಪದ ಹಾಕಿದೆವು, ಎಷ್ಟು ಫಲಿತಾಂಶ ಬಂತು, ಮುಂದೆ ಏನು ಬದಲಿಸಿದೆವು ಎಂದು ಕಾಗದದಲ್ಲಿ ಬರೆಯುತ್ತಾರೆ. ಮೂರನೆಯವರದು ಅನುಮಾನ: ‘ಅದನ್ನೇ ಏಕೆ ಒತ್ತಿದೆ?’ ಎಂದು ಕೇಳುವುದೇ ಅವರ ಕೆಲಸ. ಹತ್ತು ನಿಮಿಷಕ್ಕೊಮ್ಮೆ ಪಾತ್ರ ಬದಲಿಸಿ. ಬೆರಳಿನ ಪಾತ್ರದವರು ಪರದೆ ಮುಟ್ಟುವ ಮೊದಲು ಬಾಯಿಬಿಟ್ಟು ಹೇಳಬೇಕಾಗುತ್ತದೆ. ನಮಗೆ ಬೇಕಾದದ್ದು ಆ ಮಾತೇ. ಕಂಪ್ಯೂಟರ್ ಕೊಠಡಿಯ ಸಾಲುಗಳಲ್ಲಿ ಈ ಮಾತು ಹುಟ್ಟುವುದಿಲ್ಲ, ಅಲ್ಲಿ ಪರದೆಗಳು ಗೋಡೆಗಳಂತೆ ನಿಂತಿರುತ್ತವೆ. ಮೇಜಿನ ಮೇಲೆ ಮಲಗಿರುವ ಟ್ಯಾಬನ್ನು ಮೂರು ಕಡೆಯಿಂದಲೂ ನೋಡಬಹುದು, ನೀವೂ ಹಿಂದಿನಿಂದ ಬಾಗಿ ನೋಡಬಹುದು.

ಬಾಗಿ ನೋಡುವಾಗ ಪರದೆಗಿಂತ ಬೆರಳನ್ನು ಗಮನಿಸಿ. ಬೆರಳು ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ನೀವು ಕಲಿಸಬೇಕಾದದ್ದು ಇರುತ್ತದೆ. ಮೊದಲ ಫಲಿತಾಂಶವನ್ನು ಕಣ್ಣುಮುಚ್ಚಿ ಒತ್ತಿದ ಬೆರಳು, ಸಾರಾಂಶ ಓದದೆ ಪಿಡಿಎಫ್‌ಗೆ ಹಾರಿದ ಬೆರಳು, ಫಲಿತಾಂಶಗಳ ಮೊದಲ ಪಟ್ಟಿ ದಾಟಿ ಎಂದೂ ಮುಂದೆ ಹೋಗದ ಬೆರಳು. ಮೌಸ್ ಹಿಡಿದ ಕೈಯಲ್ಲಿ ಇದು ಇಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ. ಟ್ಯಾಬನ್ನು ನಾನು ಮೆಚ್ಚಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ.

ಹಿಂದಿನ ದಿನದ ಕೆಲಸ

ಇದು ಬೇಸರದ ಭಾಗ, ಆದರೆ ಬಿಟ್ಟರೆ ನನ್ನ ಮೊದಲ ತರಗತಿಯ ಗತಿ ನಿಮಗೂ ಬರುತ್ತದೆ. ಟ್ಯಾಬ್‌ಗಳ ಬೆನ್ನಿಗೆ ದೊಡ್ಡದಾಗಿ ಸಂಖ್ಯೆ ಅಂಟಿಸಿ, ಚಾರ್ಜ್ ಮಾಡಿ, ಬಾಕಿ ಇರುವ ಅಪ್‌ಡೇಟ್‌ಗಳನ್ನು ಮುಗಿಸಿ. ಯಾವ ಕೊಠಡಿಯಲ್ಲಿ ತರಗತಿಯೋ ಅದೇ ಕೊಠಡಿಯಲ್ಲಿ ಕುಳಿತು ಪ್ರತಿಯೊಂದರಲ್ಲೂ ವೈಫೈ ಲಾಗಿನ್ ಮಾಡಿ. ಒಂದು ಮೂಲೆಯಲ್ಲಿ ಸಿಗ್ನಲ್ ಚೆನ್ನಾಗಿದ್ದು ಇನ್ನೊಂದರಲ್ಲಿ ಸಾಯುತ್ತಿರಬಹುದು. ನಂತರ ಗ್ರಂಥಾಲಯ ಚಂದಾ ಕಟ್ಟಿರುವ ಒಂದು ಜರ್ನಲ್ (ಸಂಶೋಧನಾ ಪತ್ರಿಕೆ) ತೆರೆದು, ಪೂರ್ಣಪಾಠ ನಿಜವಾಗಿಯೂ ಬರುತ್ತದೆಯೇ ನೋಡಿ. ಅನೇಕ ಪ್ರಕಾಶಕರು ಸಂಸ್ಥೆಯ ಐಪಿ ವಿಳಾಸ (ಅಂತರ್ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ನೋಡಿ ಒಳಗೆ ಬಿಡುತ್ತಾರೆ. ಟ್ಯಾಬ್ ಅತಿಥಿಗಳ ವೈಫೈಗೆ ಅಂಟಿಕೊಂಡಿದ್ದರೆ ಅದೇ ಲೇಖನಕ್ಕೆ ಹಣ ಕೇಳುತ್ತದೆ, ನಮ್ಮ ಗ್ರಂಥಾಲಯದಲ್ಲಿ ಈ ಜರ್ನಲ್ ಇಲ್ಲ ಎಂದು ವಿದ್ಯಾರ್ಥಿ ತೀರ್ಮಾನಿಸಿಬಿಡುತ್ತಾನೆ.

ಈಗ ಕೀಬೋರ್ಡಿನ ವಿಷಯ. ನನ್ನ ಒಂದು ಇಡೀ ಮಧ್ಯಾಹ್ನವನ್ನು ತಿಂದ ಸಂಗತಿ ಇದು. ಪದಗುಚ್ಛವನ್ನು ಉದ್ಧರಣ ಚಿಹ್ನೆಗಳ ನಡುವೆ ಹಾಕಿದರೆ ಅವು ಅದೇ ಕ್ರಮದಲ್ಲಿ ಬರುವ ಲೇಖನಗಳಷ್ಟೇ ಸಿಗುತ್ತವೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ನನ್ನ ಮೇಜಿನ ಕಂಪ್ಯೂಟರಿನಲ್ಲಿ ಸರಿಯಾಗಿ ಬಂತು. ಒಂದು ಗುಂಪಿನ ಟ್ಯಾಬಿನಲ್ಲಿ ಮಾತ್ರ ಚಿಹ್ನೆ ಹಾಕಿದರೂ ಹಾಕದಿದ್ದರೂ ಅದೇ ಸಾವಿರಾರು ಫಲಿತಾಂಶ. ‘ಮೇಡಂ, ಇದು ಕೆಲಸ ಮಾಡುವುದಿಲ್ಲ’ ಎಂದರು. ಎರಡೂ ಪರದೆಗಳನ್ನು ಅಕ್ಕಪಕ್ಕ ಇಟ್ಟು ಕಣ್ಣು ಕಿರಿದಾಗಿಸಿ ನೋಡಿದ ಮೇಲೆ ಗೊತ್ತಾಯಿತು: ಕಂಪ್ಯೂಟರಿನದು ನೇರ ಗೆರೆಯ ಚಿಹ್ನೆ, ಟ್ಯಾಬ್ ಹಾಕಿದ್ದು ಮುದ್ರಣದಲ್ಲಿ ಕಾಣುವಂಥ ಬಾಗಿದ ಚಿಹ್ನೆ. ನಾವು ಹುಡುಕುತ್ತಿದ್ದ ಡೇಟಾಬೇಸಿಗೆ, ಅಂದರೆ ಸಂಶೋಧನಾ ಲೇಖನಗಳನ್ನು ಹುಡುಕುವ ಸಂಗ್ರಹಕ್ಕೆ, ಬಾಗಿದ್ದು ಅರ್ಥವಾಗುತ್ತಿರಲಿಲ್ಲ. ಐಪ್ಯಾಡಿನಲ್ಲಾದರೆ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್ ಎಂಬ ಹಾದಿಯಲ್ಲಿ ‘ಸ್ಮಾರ್ಟ್ ಪಂಕ್ಚುಯೇಶನ್’ ಸಿಗುತ್ತದೆ. ಅದನ್ನು ಆಫ್ ಮಾಡಿಡಿ. ಅಲ್ಲೇ ಪದಗಳನ್ನು ತಾನಾಗಿ ತಿದ್ದುವ ಸೌಲಭ್ಯವನ್ನೂ ಆಫ್ ಮಾಡಿ. ಅದು ತಾನು ಕಂಡರಿಯದ ವೈಜ್ಞಾನಿಕ ಹೆಸರುಗಳನ್ನು ದಿನಬಳಕೆಯ ಪದಗಳಾಗಿ ಬದಲಿಸಿ, ಏನೂ ಆಗದಂತೆ ಸುಮ್ಮನಿರುತ್ತದೆ.

ಟ್ಯಾಬನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕಬೇಕೇ? ಐಪ್ಯಾಡಿನಲ್ಲಿ ‘ಗೈಡೆಡ್ ಆಕ್ಸೆಸ್’, ಆಂಡ್ರಾಯ್ಡ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಎಂಬ ಸೌಲಭ್ಯಗಳು ಅದಕ್ಕೆಂದೇ ಇವೆ. ನಾನು ಕಟ್ಟುವುದಿಲ್ಲ. ಹುಡುಕಾಟ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವುದು. ಹೋಗಬೇಡಿ ಎಂದು ಬೀಗ ಹಾಕಿ ಹುಡುಕಲು ಕಲಿಸುವುದು ಹೇಗೆ? ಮೂವರ ಕಣ್ಣೆದುರು ಒಂದೇ ಟ್ಯಾಬ್ ಇರುವಾಗ ಯಾರೂ ಹಾಳುಹರಟೆಗೆ ಹೋಗುವುದೂ ಇಲ್ಲ.

ಗ್ರಂಥಾಲಯದ ಕ್ಯಾಟಲಾಗ್, ಎರಡು ಡೇಟಾಬೇಸ್, ಅಂದಿನ ಕೆಲಸದ ಹಾಳೆ ಇವುಗಳ ವಿಳಾಸಗಳಿಗೆ ಕ್ಯೂಆರ್ ಕೋಡ್ ಮಾಡಿ ಒಂದೊಂದು ಮೇಜಿಗೆ ಒಂದೊಂದು ಕಾರ್ಡ್ ಇಡಿ. ಉದ್ದದ ವಿಳಾಸ ಟೈಪ್ ಮಾಡಿಸುವುದು ಸಮಯದ ಪೋಲು.

ಮೊದಲ ಹತ್ತು ನಿಮಿಷ: ಟ್ಯಾಬ್ ಬೋರಲು

ತರಗತಿ ಶುರುವಾಗುವಾಗ ಟ್ಯಾಬ್‌ಗಳು ಮೇಜಿನ ಮೇಲೆ ಮುಖ ಕೆಳಗಾಗಿ ಇರುತ್ತವೆ. ಮುಟ್ಟುವಂತಿಲ್ಲ. ಕೈಯಲ್ಲಿ ಕಾಗದ, ಪೆನ್ನು ಅಷ್ಟೇ.

ವಿದ್ಯಾರ್ಥಿಗಳು ಪ್ರಶ್ನೆ ತರುವುದಿಲ್ಲ, ವಿಷಯ ತರುತ್ತಾರೆ. ‘ಮೊಬೈಲ್ ಮತ್ತು ನಿದ್ದೆ’ ಎನ್ನುತ್ತಾರೆ. ಇದನ್ನು ಹಾಗೆಯೇ ಹುಡುಕುಪೆಟ್ಟಿಗೆಯಲ್ಲಿ ಹಾಕಿದರೆ ಲಕ್ಷಗಟ್ಟಲೆ ಬರುತ್ತದೆ, ಮೊದಲ ಮೂರನ್ನು ತೆಗೆದುಕೊಂಡು ಹೊರಟುಬಿಡುತ್ತಾರೆ. ಆದ್ದರಿಂದ ಯಾರ ನಿದ್ದೆ, ಮೊಬೈಲಿನಲ್ಲಿ ಏನು, ಯಾವ ಹೊತ್ತಿನಲ್ಲಿ, ನಿದ್ದೆಗೆ ಏನಾಗುತ್ತದೆ ಎಂದು ಕೇಳುತ್ತಾ ಹೋಗುತ್ತೇನೆ. ಐದು ನಿಮಿಷದಲ್ಲಿ ‘ಮಲಗುವ ಮುನ್ನ ಒಂದು ಗಂಟೆ ಪರದೆ ನೋಡುವ ಹದಿಹರೆಯದವರಿಗೆ ನಿದ್ದೆ ಬರುವುದು ತಡವಾಗುತ್ತದೆಯೇ?’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಇದು ಪ್ರಶ್ನೆ. ಇದಕ್ಕೆ ಉತ್ತರ ಹೌದು, ಇಲ್ಲ ಅಥವಾ ಅಷ್ಟಿಷ್ಟು ಎಂದು ಬರಬಹುದು.

ಇನ್ನೈದು ನಿಮಿಷ ಕಾಗದದಲ್ಲಿ ಮೂರು ಕಂಬ ಎಳೆಸುತ್ತೇನೆ: ಪರದೆ, ಹದಿಹರೆಯದವರು, ನಿದ್ದೆ. ಒಂದೊಂದರ ಕೆಳಗೆ ಅದೇ ಅರ್ಥದ ಬೇರೆ ಪದಗಳು. ಒಂದು ಕಂಬದೊಳಗಿನ ಪದಗಳ ನಡುವೆ ‘ಆರ್’ (OR: ಯಾವುದಾದರೂ ಒಂದಿದ್ದರೆ ಸಾಕು), ಕಂಬ ಕಂಬಗಳ ನಡುವೆ ‘ಆಂಡ್’ (AND: ಎಲ್ಲವೂ ಇರಬೇಕು). ಇವುಗಳನ್ನು ತರ್ಕದ ಲೆಕ್ಕವಾಗಿಸಿದ ಜಾರ್ಜ್ ಬೂಲ್ 1864ರಲ್ಲೇ ತೀರಿಕೊಂಡ ಎಂದರೆ ಯಾರಾದರೊಬ್ಬರು ಖಂಡಿತ ತಲೆಯೆತ್ತಿ ನೋಡುತ್ತಾರೆ. ಈ ಎರಡು ಪದಗಳನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಟೈಪ್ ಮಾಡಲು ಹೇಳಿ. ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್ ಸಣ್ಣಕ್ಷರದ ‘ಆರ್’ ಅನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಟ್ಯಾಬ್ ತಿರುಗಿಸಿ

ಈಗ ಟ್ಯಾಬ್ ಮೇಲ್ಮುಖವಾಗುತ್ತದೆ. ಅಡ್ಡಲಾಗಿಯೇ ಇರಲಿ. ನೆಟ್ಟಗೆ ಹಿಡಿದರೆ ಅನೇಕ ಡೇಟಾಬೇಸ್‌ಗಳು ಅದನ್ನು ಮೊಬೈಲ್ ಎಂದು ತಿಳಿದು, ಎಡಗಡೆ ಇರಬೇಕಾದ ಫಿಲ್ಟರ್‌ಗಳ ಪಟ್ಟಿಯನ್ನು ಒಂದು ಚಿಕ್ಕ ಗುಂಡಿಯೊಳಗೆ ಬಚ್ಚಿಡುತ್ತವೆ. ವರ್ಷ, ಲೇಖನದ ಬಗೆ, ಪರಿಣತರ ವಿಮರ್ಶೆಗೆ ಒಳಪಟ್ಟ ಜರ್ನಲ್ ಎಂಬೆಲ್ಲ ಆಯ್ಕೆಗಳೂ ಅಲ್ಲೇ ಇರುತ್ತವೆ. ಗುಂಡಿ ಕಾಣದವರಿಗೆ ಫಿಲ್ಟರ್ ಇಲ್ಲವೆಂದೇ ಲೆಕ್ಕ. ಅಡ್ಡ ಹಿಡಿದರೂ ಬಾರದಿದ್ದರೆ ಬ್ರೌಸರಿನಲ್ಲಿ ಡೆಸ್ಕ್‌ಟಾಪ್ ಆವೃತ್ತಿ ಕೇಳುವ ಆಯ್ಕೆ ಒತ್ತಿಸಿ.

ಮೊದಲ ಹುಡುಕಾಟ ಯಾವಾಗಲೂ ಕೆಟ್ಟದಾಗಿಯೇ ಇರುತ್ತದೆ, ಇರಲಿ ಬಿಡಿ. ಪೆನ್ನಿನ ಪಾತ್ರದವರು ಸಂಖ್ಯೆ ಬರೆಯುವುದನ್ನು ಮಾತ್ರ ತಪ್ಪಿಸಬಾರದು. ಒಂದು ಗುಂಪು ಬರೆದಿದ್ದ ಹಾಳೆ ನನಗೆ ಇಂದಿಗೂ ನೆನಪಿದೆ. ಮೊದಲ ಸಾಲಿನಲ್ಲಿ ‘ಸ್ಲೀಪ್’, ‘ಮೊಬೈಲ್’; ಮುಂದೆ ದೊಡ್ಡದೊಂದು ಸಂಖ್ಯೆ, ಅದರ ಪಕ್ಕ ‘ಅಯ್ಯೋ’ ಎಂಬ ಟಿಪ್ಪಣಿ. ಎರಡನೆಯ ಸಾಲಿನಲ್ಲಿ ಹದಿಹರೆಯದವರನ್ನು ಸೇರಿಸಿದ್ದರು, ಸಂಖ್ಯೆ ಇಳಿದಿತ್ತು. ಮೂರನೆಯದರಲ್ಲಿ ‘ಲೇಟ್ ಸ್ಲೀಪ್’ ಎಂದು ಹಾಕಿ ಕೈಸುಟ್ಟುಕೊಂಡಿದ್ದರು, ಬಂದದ್ದೆಲ್ಲ ಅಸಂಬದ್ಧ. ಬೆರಳು ಅಲ್ಲಿ ನಿಂತಿತು. ನಾನು ಹಿಂದೆ ನಿಂತು, ‘ಎರಡನೆಯ ಹುಡುಕಾಟಕ್ಕೇ ಹೋಗಿ, ಮೊದಲ ಐದು ಲೇಖನಗಳ ಸಾರಾಂಶ ಮಾತ್ರ ಓದಿ, ನಿದ್ದೆ ತಡವಾಗುವುದಕ್ಕೆ ಅವರು ಏನೆನ್ನುತ್ತಾರೆ ನೋಡಿ’ ಎಂದೆ. ಮೂರನೆಯ ಸಾರಾಂಶದಲ್ಲಿ ಅನುಮಾನದ ಪಾತ್ರದ ಹುಡುಗಿ ಪರದೆಯತ್ತ ಕೈಚಾಚಿದಳು, ನಿಯಮ ನೆನಪಾಗಿ ಕೈ ಹಿಂದೆಳೆದುಕೊಂಡು, ‘ಇಲ್ಲಿ, ಇಲ್ಲಿ!’ ಎಂದಳು. ‘ಸ್ಲೀಪ್ ಆನ್‌ಸೆಟ್ ಲೇಟೆನ್ಸಿ’: ಮಲಗಿದ ಮೇಲೆ ನಿದ್ದೆ ಹತ್ತುವವರೆಗಿನ ಅವಧಿಗೆ ಆ ಕ್ಷೇತ್ರದವರು ಬಳಸುವ ಪದ. ಅದನ್ನು ಹಾಕಿದ ಕೂಡಲೇ ಪಟ್ಟಿಯ ರೂಪವೇ ಬದಲಾಯಿತು.

ಆ ಪದವನ್ನು ನಾನೇ ಮೊದಲೇ ಹೇಳಿಬಿಡಬಹುದಿತ್ತು. ಹೇಳಬೇಡಿ. ನಮ್ಮ ಮಾತಿನಲ್ಲಿ ಶುರುಮಾಡಿ, ಅಲ್ಲಿ ಸಿಕ್ಕ ಲೇಖನಗಳಿಂದ ಅವರ ಮಾತನ್ನು ಕದ್ದು, ಮತ್ತೆ ಹುಡುಕುವುದು ಈ ವಿದ್ಯೆಯ ತಿರುಳು. ಒಮ್ಮೆ ತಾವೇ ಕದ್ದರೆ ಆ ಚಾಳಿ ಬಿಡುವುದಿಲ್ಲ.

ನಕ್ಷತ್ರ ಚಿಹ್ನೆಯ ಬಳಕೆಯನ್ನೂ ಇಲ್ಲೇ ತೋರಿಸಿ. ಪದದ ಬುಡ ಬರೆದು ಕೊನೆಗೆ ನಕ್ಷತ್ರ ಹಾಕಿದರೆ ಅದರ ಎಲ್ಲ ರೂಪಗಳೂ ಬರುತ್ತವೆ. ವೈದ್ಯಕೀಯ ಲೇಖನಗಳ ಪಬ್‌ಮೆಡ್‌ನಂಥ ಡೇಟಾಬೇಸ್‌ಗಳಲ್ಲಿ ಇದು ನಡೆಯುತ್ತದೆ, ಗೂಗಲ್ ಸ್ಕಾಲರಿನಲ್ಲಿ ನಡೆಯುವುದಿಲ್ಲ. ಎರಡರಲ್ಲೂ ಮಾಡಿ ನೋಡಲಿ, ವ್ಯತ್ಯಾಸ ತಾವೇ ಕಾಣುತ್ತಾರೆ.

ಎದ್ದು ನಡೆಯಿರಿ

ಟ್ಯಾಬಿಗೆ ಕಾಲಿಲ್ಲ, ಆದರೆ ಹಿಡಿದವರಿಗಿದೆ. ತರಗತಿಯ ನಡುವೆ ಹತ್ತು ನಿಮಿಷ ಎಲ್ಲರನ್ನೂ ಕಪಾಟುಗಳ ನಡುವೆ ಕಳಿಸುತ್ತೇನೆ. ಕ್ಯಾಟಲಾಗಿನಲ್ಲಿ ನಿದ್ದೆಯ ಬಗ್ಗೆ ಮೂರು ಪುಸ್ತಕ ಹುಡುಕಿ, ಕಪಾಟಿನಲ್ಲಿ ಅವು ಇರುವ ಜಾಗಕ್ಕೇ ಹೋಗಿ, ಆ ಪುಸ್ತಕದ ಎಡಬಲದ ಬೆನ್ನುಗಳ ಫೋಟೋ ತೆಗೆದು ತರಬೇಕು. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜೋಡಿಸಿರುವ ಗ್ರಂಥಾಲಯವಾದರೆ ಒಂದೇ ನಿದ್ದೆ ಮೂರು ಕಡೆ ಚದುರಿರುತ್ತದೆ: ಮನಶ್ಶಾಸ್ತ್ರದ ಕಣ್ಣಿನಿಂದ ನೋಡಿದ್ದು 154.6ರಲ್ಲಿ, ನರಮಂಡಲದ ಕೆಲಸವಾಗಿ ನೋಡಿದ್ದು 612.8ರ ಸುತ್ತ, ಕಾಯಿಲೆಯಾಗಿ ನೋಡಿದ್ದು 616.8ರ ಸುತ್ತ. ಮೂರು ಕಪಾಟು ಸುತ್ತಿ ಬಂದವರಿಗೆ ಒಂದೇ ಪ್ರಶ್ನೆಯನ್ನು ಮೂರು ಶಾಸ್ತ್ರಗಳು ಬೇರೆ ಬೇರೆಯಾಗಿ ಕೇಳುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ, ಕಾಲಿಗೇ ಗೊತ್ತಾಗಿರುತ್ತದೆ. ಓದುಗರ ಸಮಯ ಉಳಿಸಿ ಎಂಬುದು ಗ್ರಂಥಾಲಯಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ, ಗ್ರಂಥಾಲಯಗಳಿಗೆ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಹತ್ತು ನಿಮಿಷ ನಡೆಸುವುದು ಅದಕ್ಕೆ ವಿರುದ್ಧ ಎಂದು ನನ್ನ ಸಹೋದ್ಯೋಗಿಯೊಬ್ಬರು ಛೇಡಿಸುತ್ತಾರೆ. ಮುಂದಿನ ಮೂರು ವರ್ಷದಲ್ಲಿ ಉಳಿಯುವ ಸಮಯದ ಲೆಕ್ಕ ಅವರು ಹಾಕಿಲ್ಲ.

ಸಿಕ್ಕಿದ್ದನ್ನು ನಂಬುವ ಮುನ್ನ

ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು, 25 ಪದವಿ ವಿದ್ಯಾರ್ಥಿಗಳು ಅಪರಿಚಿತ ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆ ಎಂದು ಅವರು ನೋಡಿದರು. ವಿದ್ಯಾರ್ಥಿಗಳೂ ಅನೇಕ ಇತಿಹಾಸಕಾರರೂ ಅದೇ ತಾಣದೊಳಗೆ ಮೇಲಿಂದ ಕೆಳಗೆ ಓದುತ್ತಾ ಅಂದದ ಲಾಂಛನಕ್ಕೂ ಗಂಭೀರ ಹೆಸರಿಗೂ ಮರುಳಾದರು. ಸತ್ಯಶೋಧಕರು ಮಾತ್ರ ಆ ತಾಣವನ್ನು ಹಾಗೆಯೇ ಬಿಟ್ಟು ಬೇರೆ ಪುಟಗಳನ್ನು ತೆರೆದು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಿದರು. ಕಡಿಮೆ ಓದಿ, ಬೇಗ, ಸರಿಯಾದ ತೀರ್ಮಾನಕ್ಕೆ ಬಂದರು. ಟ್ಯಾಬಿನಲ್ಲಿ ಪರದೆ ಎರಡು ಭಾಗ ಮಾಡಿ, ಎಡಕ್ಕೆ ಅನುಮಾನದ ಪುಟ, ಬಲಕ್ಕೆ ತನಿಖೆಯ ಪುಟ ಇಟ್ಟರೆ ಇದನ್ನು ಕಲಿಸುವುದು ಬಹಳ ಸುಲಭ. ಎಡಗಡೆಯದನ್ನು ಮೂರು ನಿಮಿಷ ಮುಟ್ಟುವಂತಿಲ್ಲ ಎಂದು ನಿಯಮ ಮಾಡಿ.

ಜರ್ನಲ್‌ನಲ್ಲಿ ಬಂದದ್ದೆಲ್ಲ ವೇದವಾಕ್ಯ ಎಂಬ ಭ್ರಮೆ ಕಳೆಯಲು ನಾನು ಪ್ರತಿ ಬಾರಿಯೂ ಒಂದೇ ಲೇಖನ ಬಳಸುತ್ತೇನೆ. 1998ರಲ್ಲಿ ವೈದ್ಯಕೀಯ ಪತ್ರಿಕೆ ‘ದಿ ಲ್ಯಾನ್ಸೆಟ್’ನಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭೀತಿ ಹುಟ್ಟಿಸಿದ ಲೇಖನ. ‘ಇದರಲ್ಲಿ ಎಷ್ಟು ಮಕ್ಕಳನ್ನು ಪರೀಕ್ಷಿಸಿದ್ದಾರೆ, ಈಗ ಈ ಲೇಖನದ ಸ್ಥಿತಿ ಏನು, ಹುಡುಕಿ’ ಎನ್ನುತ್ತೇನೆ, ಅಷ್ಟೇ. 12 ಮಕ್ಕಳು. 2010ರ ಫೆಬ್ರವರಿಯಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ನಡುವಿನ ವರ್ಷಗಳನ್ನು ಯಾರಾದರೂ ಬೆರಳಲ್ಲಿ ಎಣಿಸುತ್ತಾರೆ, ಕೊಠಡಿ ನಿಶ್ಶಬ್ದವಾಗುತ್ತದೆ. ಪ್ರಕಾಶಕರ ತಾಣದಲ್ಲಿ ಹಿಂತೆಗೆದ ಸೂಚನೆ ಎದ್ದು ಕಾಣುತ್ತದೆ, ಹಳೆಯ ಪ್ರತಿಯನ್ನು ಎಲ್ಲೋ ಇಳಿಸಿಟ್ಟುಕೊಂಡವರಿಗೆ ಕಾಣುವುದಿಲ್ಲ. ಆದ್ದರಿಂದ ಪಿಡಿಎಫ್ ಸಿಕ್ಕರೂ ಮೂಲತಾಣಕ್ಕೆ ಒಮ್ಮೆ ಹೋಗಿಬರಬೇಕು.

ಚಾಟ್‌ಬಾಟ್ ಕೊಟ್ಟ ಉಲ್ಲೇಖಗಳನ್ನು ತಂದು ‘ಇದನ್ನು ತೆಗೆದುಕೊಡಿ’ ಎನ್ನುವವರು ಈಗ ಹೆಚ್ಚುತ್ತಿದ್ದಾರೆ. ಲೇಖಕರು ನಿಜ, ಜರ್ನಲ್ ನಿಜ, ಲೇಖನ ಮಾತ್ರ ಹುಟ್ಟೇ ಇಲ್ಲ. ಬೈಯಬೇಡಿ. ಪ್ರತಿ ಲೇಖನವನ್ನೂ ಗುರುತಿಸಲು ಕೊಡುವ, 10ರಿಂದ ಶುರುವಾಗುವ ಡಿಒಐ ಸಂಖ್ಯೆಯನ್ನು ಡಿಒಐ ತಾಣದಲ್ಲಿ ಹಾಕಿಸಿ. ತೆರೆದರೆ ಅದೇ ಶೀರ್ಷಿಕೆಯೇ ಎಂದು ಓದಿಸಿ, ಏಕೆಂದರೆ ಸಂಖ್ಯೆ ನಿಜವಾಗಿದ್ದು ಲೇಖನ ಬೇರೆಯೇ ಆಗಿರುವುದೂ ಉಂಟು. ಡಿಒಐ ಇಲ್ಲದಿದ್ದರೆ ಆ ಜರ್ನಲ್‌ನ ಆ ಸಂಚಿಕೆಯ ಪರಿವಿಡಿ ನೋಡಿಸಿ.

ಉಳಿಸುವುದು, ಅಳಿಸುವುದು

ಹುಡುಕಿದ್ದನ್ನು ಹಂಚಿಕೆಯ ಟ್ಯಾಬಿನಲ್ಲಿ ಉಳಿಸುವಂತಿಲ್ಲ. ಡೇಟಾಬೇಸಿನ ‘ಇಮೇಲ್ ಮಾಡಿ’ ಗುಂಡಿಯಿಂದ ಮೂವರ ವಿಳಾಸಕ್ಕೂ ಕಳಿಸಿಕೊಳ್ಳಲಿ. ಸ್ವಂತ ಟ್ಯಾಬ್ ಇರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಉಲ್ಲೇಖಗಳನ್ನು ಕೂಡಿಡುವ ತಂತ್ರಾಂಶ ಝೊಟೆರೊ ಹಾಕಿಕೊಡಿ. ಇದು ಉಚಿತ. ಐಪ್ಯಾಡಿನಲ್ಲಿ ಪಿಡಿಎಫ್ ಮೇಲೆ ಗೆರೆ ಎಳೆದದ್ದು, ಅಂಚಿನಲ್ಲಿ ಬರೆದದ್ದು ಕಂಪ್ಯೂಟರಿಗೂ ಹೋಗಿ ಸೇರುತ್ತದೆ. ಅದು ಜೋಡಿಸಿಕೊಡುವ ಉಲ್ಲೇಖಪಟ್ಟಿಯನ್ನು ಕಣ್ಣಿಂದ ಒಮ್ಮೆ ನೋಡದೆ ಒಪ್ಪಿಸಬಾರದು. ಶೀರ್ಷಿಕೆಯ ಅಕ್ಷರಗಳು, ಲೇಖಕರ ಹೆಸರಿನ ಹಿಂದುಮುಂದು ಇವೆರಡು ಯಾವಾಗಲೂ ಕೈಕೊಡುತ್ತವೆ.

ಒಮ್ಮೆ ತರಗತಿ ಮುಗಿದು ಟ್ಯಾಬ್ ಒರೆಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳ ಮೇಲ್‌ಪೆಟ್ಟಿಗೆ ತೆರೆದೇ ಇತ್ತು, ಮೇಲಿನ ಸಾಲಿನಲ್ಲಿ ಆಸ್ಪತ್ರೆಯ ಪತ್ರ. ಮುಚ್ಚಿದೆ, ಆದರೆ ಮುಂದಿನ ತರಗತಿಯ ಮೂವರು ಅದನ್ನು ನೋಡಬಹುದಿತ್ತು. ಅಂದಿನಿಂದ ಬ್ರೌಸರನ್ನು ಖಾಸಗಿ ಸ್ಥಿತಿಯಲ್ಲೇ ತೆರೆದು ಕೊಡುತ್ತೇನೆ. ಯಾರೂ ತಮ್ಮ ಮೇಲ್‌ಗೆ ಲಾಗಿನ್ ಆಗಬಾರದು. ಕೊನೆಯಲ್ಲಿ ಪುಟಗಳನ್ನೆಲ್ಲ ಮುಚ್ಚಿ, ತೆಗೆದ ಫೋಟೋ ಅಳಿಸಿ, ‘ಇತ್ತೀಚೆಗೆ ಅಳಿಸಿದ್ದು’ ಎಂಬ ಕಡತವನ್ನೂ ಖಾಲಿ ಮಾಡಬೇಕು. ಆ ಕಡತವನ್ನು ಎಲ್ಲರೂ ಮರೆಯುತ್ತಾರೆ.

ಕಣ್ಣು ಮಂದವಿರುವವರಿಗೆ, ಓದುವುದು ಕಷ್ಟವಿರುವವರಿಗೆ ಅಕ್ಷರ ಹಿಗ್ಗಿಸುವುದನ್ನೂ ಪಠ್ಯ ಓದಿ ಹೇಳುವ ಸೌಲಭ್ಯವನ್ನೂ ಕೇಳುವ ಮೊದಲೇ ಎಲ್ಲರಿಗೂ ತೋರಿಸಿ, ಆಗ ಯಾರೂ ಕೈಯೆತ್ತಿ ಕೇಳಬೇಕಾಗುವುದಿಲ್ಲ. ದೀರ್ಘ ಬರವಣಿಗೆಗೆ, ನೂರಾರು ಲೇಖನಗಳನ್ನು ಜರಡಿ ಹಿಡಿಯುವ ವ್ಯವಸ್ಥಿತ ವಿಮರ್ಶೆಗೆ, ಅಂಕಿಅಂಶದ ಹಾಳೆಗಳಿಗೆ ಟ್ಯಾಬ್ ಬೇಡ. ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ.

ಕೊನೆಯ ಐದು ನಿಮಿಷ

ಟ್ಯಾಬ್ ಮತ್ತೆ ಬೋರಲು. ಒಂದು ಚೀಟಿ, ಎರಡು ಪ್ರಶ್ನೆ: ನೀವು ಕೈಬಿಟ್ಟ ಒಂದು ಪದ ಯಾವುದು, ಏಕೆ? ನಾಳೆ ಇದೇ ಹುಡುಕಾಟವನ್ನು ಎಲ್ಲಿಂದ ಮುಂದುವರಿಸುತ್ತೀರಿ? ‘ತರಗತಿ ಇಷ್ಟವಾಯಿತೇ’ ಎಂದು ಕೇಳಬೇಡಿ, ಇಷ್ಟವಾಯಿತು ಎಂದೇ ಬರೆಯುತ್ತಾರೆ. ಪದ ಕೈಬಿಟ್ಟ ಕಾರಣವನ್ನು ಬರೆಯಲಾಗದ ಗುಂಪಿನ ಹೆಸರನ್ನು ನಾನು ಗುರುತುಹಾಕಿಕೊಂಡು, ಆ ವಾರದಲ್ಲೇ ಅವರನ್ನು ಕರೆದು ಹದಿನೈದು ನಿಮಿಷ ಕೂರಿಸಿಕೊಳ್ಳುತ್ತೇನೆ. ಪೆನ್ನಿನ ಪಾತ್ರದವರು ಬರೆದ ಹಾಳೆ ನನ್ನ ಬಳಿಯೇ ಉಳಿಯುತ್ತದೆ. ಮುಂದಿನ ತರಗತಿ ಶುರುವಾಗುವುದು ಅದರ ಕೊನೆಯ ಸಾಲಿನಿಂದ.

ಆಮೇಲೆ ಬಾಗಿಲಲ್ಲಿ ನಿಂತು 12 ಟ್ಯಾಬ್ ಎಣಿಸಿ ಟ್ರಾಲಿಗೆ ಹಾಕಿ. 7ನೆಯದರ ಕೇಬಲ್ ಸಡಿಲ. ಚಾರ್ಜ್ ಆಗುತ್ತಿದೆಯೇ ಎಂದು ಹೋಗುವಾಗ ಇನ್ನೊಮ್ಮೆ ನೋಡುತ್ತೇನೆ.